ಧೂಮಕೇತುವಿನ ಭೀತಿಯೂ ‘ಬಹುದು’ ಎಂಬ ಮಾತೂ

ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಹನ್ನೊಂದನೆಯ ಅಧ್ಯಾಯವಾದ ಕೇತುಚಾರವನ್ನು ಒಂದು ನಿರಾಕರಣೆಯ ಮಾತಿನಿಂದ ತೊಡಗುತ್ತಾನೆ. ಕೇತುಗಳ ಉದಯಾಸ್ತಗಳನ್ನು ಗಣಿತದಿಂದ ತಿಳಿಯುವುದು ಶಕ್ಯವಲ್ಲವೆಂದು ಅವನ ಅಭಿಪ್ರಾಯ. ಗರ್ಗ, ಪರಾಶರ, ಅಸಿತ, ದೇವಲ ಮೊದಲಾದವರ ಮತಗಳನ್ನು ನೋಡಿಕೊಂಡು ಬರೆಯುತ್ತಿರುವುದಾಗಿ ಹೇಳಿ, ಕೇತುಗಳು ನೂರೊಂದೆಂದು ಕೆಲವರೂ ಸಾವಿರವೆಂದು ಕೆಲವರೂ ಎಣಿಸುವರೆಂದೂ, ಇರುವುದು ಒಂದೇ, ಅದೇ ಹಲವು ರೂಪಗಳನ್ನು ತಾಳುತ್ತದೆಯೆಂದು ನಾರದನ ಮತವೆಂದೂ ತಿಳಿಸುತ್ತಾನೆ. ಅನಂತರ ಆ ವಿವಾದವನ್ನೇ ಬದಿಗಿಡುತ್ತಾನೆ. ಒಂದಾದರೇನು, ಹಲವಾದರೇನು, ಉದಯ, ಅಸ್ತ, ಸ್ಥಾನ, ಸ್ಪರ್ಶ, ವರ್ಣ ಮುಂತಾದವುಗಳಿಂದ ಫಲವನ್ನು ಹೇಳುವುದು ಅವನಿಗೆ ಮುಖ್ಯ. ಕೇತು ಎಷ್ಟು ದಿನ ಕಾಣಿಸಿಕೊಳ್ಳುವುದೋ ಅಷ್ಟು ತಿಂಗಳು ಅದರ ಫಲ. ಎಷ್ಟು ತಿಂಗಳು ಕಾಣುವುದೋ ಅಷ್ಟು ವರ್ಷ. ಎಲ್ಲ ಕೇತುಗಳೂ ಕೇಡಿಗೇ ಎಂದೇನೂ ಅವನು ಹೇಳಲಿಲ್ಲ. ಸಣ್ಣದಾಗಿ, ತೆಳುವಾಗಿ, ನೆಟ್ಟಗೆ, ಬೆಳ್ಳಗೆ ಸ್ವಲ್ಪ ಕಾಲ ಮಾತ್ರ ಕಂಡು ಮರೆಯಾಗುವ ಕೇತು ಸುಭಿಕ್ಷವನ್ನೂ ಸುಖವನ್ನೂ ತರುವುದೆಂದು ಅವನ ನಿರ್ಣಯ. ಈ ಅಂಶವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸುವುದು ಕಡಮೆ.

ಈ ಅಧ್ಯಾಯವನ್ನು ಮೂಢನಂಬಿಕೆಯ ಮಾದರಿಯೆಂದು ತೋರಿಸಿ, ಮುಂದೆ ಗಣಿತವೂ ದೂರದರ್ಶಕವೂ ಬಂದು ಧೂಮಕೇತುವಿನ ಭಯ ನೀಗಿತೆಂದು ಹೇಳುವುದು ಪಾಠ್ಯಪುಸ್ತಕಗಳಲ್ಲಿ ರೂಢಿಯಾಗಿದೆ. ಈ ರೂಢಿಯ ಮಾತು ಅರ್ಧ ಮಾತ್ರ ನಿಜವೆಂದು ನಮ್ಮ ಅಭಿಪ್ರಾಯ. ವರಾಹಮಿಹಿರನ ಓದುಗನು ಭಯಪಟ್ಟುದು ಗಣಿತಕ್ಕೆ ಸಿಕ್ಕದ ವಸ್ತುವಿಗೆ. 1773ರಲ್ಲಿ ಪ್ಯಾರಿಸ್ಸಿನ ಜನ ಭಯಪಟ್ಟುದು ಗಣಿತಕ್ಕೆ ಸಿಕ್ಕಿದ ವಸ್ತುವಿಗೆ. ಈ ಎರಡು ಭಯಗಳ ಜಾತಿಯೇ ಬೇರೆ. ಎರಡನೆಯದು ಹುಟ್ಟಿದ್ದು ಬರವಣಿಗೆಯಿಂದ, ಅದರಲ್ಲಿಯೂ ಬರವಣಿಗೆಯ ಒಂದು ನಿರ್ದಿಷ್ಟ ವಾಕ್ಯರೂಪದಿಂದ. ಆದುದರಿಂದ ಖಗೋಳಶಾಸ್ತ್ರಜ್ಞನಿಗೆ ಇದರಲ್ಲಿ ಎಷ್ಟು ಕೆಲಸವುಂಟೋ ಸಾಹಿತ್ಯವಿಮರ್ಶಕನಿಗೂ ಅಷ್ಟೇ ಕೆಲಸವುಂಟು. ಧೂಮಕೇತುವನ್ನು ಕುರಿತ ಕೆಲವು ಗದ್ಯಕೃತಿಗಳನ್ನು ಆ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಹಳೆಯ ಜಾತಿಯ ಭಯಕ್ಕೆ ಉತ್ತಮವಾದ ಉತ್ತರವನ್ನು ಬರೆದವನು ಫ್ರಾನ್ಸಿನ ಪಿಯೇರ್ ಬೇಲ್. 1680ರ ಕೊನೆಯಲ್ಲಿ ಕಾಣಿಸಿಕೊಂಡ ಮಹಾಧೂಮಕೇತುವನ್ನು ನೆಪವಾಗಿಟ್ಟುಕೊಂಡು ಅವನು 1682ರಲ್ಲಿ ತನ್ನ ಹೆಸರಿಲ್ಲದೆ ಒಂದು ಪತ್ರರೂಪದ ಗ್ರಂಥವನ್ನು ಪ್ರಕಟಿಸಿದನು. ಅದರ ವಾದಸರಣಿ ಹೀಗೆ: ಧೂಮಕೇತು ಕಂಡ ವರ್ಷಗಳಲ್ಲಿ ಯುದ್ಧವೂ ಬರವೂ ಬಂದಿದ್ದರೆ, ಕಾಣದ ವರ್ಷಗಳಲ್ಲಿಯೂ ಅವು ಬಂದಿವೆ, ಒಂದರ ಹಿಂದೆ ಒಂದು ಬಂತೆಂಬ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ಸೇಂಟ್ ಒನೊರೆ ಬೀದಿಯ ಮನೆಯೊಂದರ ಹೆಂಗಸು ಕಿಟಕಿಯಿಂದ ತಲೆ ಹೊರಗಿಟ್ಟಾಗಲೆಲ್ಲ ಗಾಡಿಗಳು ಹೋಗುವುದನ್ನು ಕಂಡು, ತಾನು ತಲೆಯಿಟ್ಟುದರಿಂದಲೇ ಗಾಡಿಗಳು ಹೋಗುತ್ತವೆಂದು ಭಾವಿಸಿಕೊಂಡರೆ ಹೇಗೋ ಇದೂ ಹಾಗೆ ಎಂದು ಅವನು ಕೊಡುವ ದೃಷ್ಟಾಂತ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ನಮ್ಮ ಕಥೆಯ ಮುದುಕಿಗೆ ಆ ಹೆಂಗಸು ಸ್ವಂತ ತಂಗಿ. ಬೇಲನ ದೃಷ್ಟಾಂತ ಇಂದಿಗೂ ಹಳಸಿಲ್ಲ. ಮಹಾಭಾರತದ ಭೀಷ್ಮಪರ್ವದಲ್ಲಿ ವ್ಯಾಸನು ಧೃತರಾಷ್ಟ್ರನಿಗೆ ಪುಷ್ಯನಕ್ಷತ್ರವನ್ನು ಆಕ್ರಮಿಸಿ ನಿಂತ ಘೋರ ಧೂಮಕೇತುವನ್ನು ಹೇಳುವಾಗ ಅದು ಕಾವ್ಯದ ಸತ್ಯ. ಅದನ್ನೇ ಪಂಚಾಂಗದ ಸತ್ಯವಾಗಿ ತೆಗೆದುಕೊಂಡವನಿಗೆ ಬೇಲನು ಸಾಕು.

ಆದರೆ ಬೇಲನು ಉತ್ತರ ಬರೆದುದು ಶಕುನವಾದ ಧೂಮಕೇತುವಿಗೆ. ಅವನ ಕಾಲದಲ್ಲಿಯೇ ಬೇರೊಂದು ಧೂಮಕೇತು ಸಿದ್ಧವಾಗುತ್ತಿತ್ತು. ನ್ಯೂಟನ್ನನು 1680ರ ಆ ಧೂಮಕೇತುವಿನ ಪಥವನ್ನು ಗಣಿಸಿದನು. ವಿಲಿಯಂ ವಿಸ್ಟನ್ 1696ರಲ್ಲಿ ಬರೆದ ತನ್ನ ಗ್ರಂಥದಲ್ಲಿ, ಬೈಬಲಿನ ಜಲಪ್ರಳಯಕ್ಕೆ ಧೂಮಕೇತುವೇ ಕಾರಣವೆಂದು ಪ್ರತಿಪಾದಿಸಿದನು. ಹ್ಯಾಲಿ 1705ರಲ್ಲಿ, 1682ರಲ್ಲಿ ಕಂಡ ಧೂಮಕೇತು 1758ರ ಸುಮಾರಿಗೆ ಮರಳುವುದೆಂದು ಹೇಳಿದನು. ಕ್ಲೇರೋ ಎಂಬ ಗಣಿತಜ್ಞನು ಲಲಾಂದ್ ಮತ್ತು ಶ್ರೀಮತಿ ಲಪೋಟ್ ಇವರ ನೆರವಿನಿಂದ ಗುರು ಶನಿಗಳ ಸೆಳೆತವನ್ನು ಲೆಕ್ಕಕ್ಕೆ ಹಿಡಿದು ಆ ಕಾಲವನ್ನು ಇನ್ನೂ ಖಚಿತಗೊಳಿಸಿದನು. 1758ರ ಡಿಸೆಂಬರ್ 25ರ ರಾತ್ರಿ ಸ್ಯಾಕ್ಸನಿಯ ರೈತ ಪಾಲಿಟ್ಶ್ ಅದನ್ನು ಕಂಡನು. 1759ರ ಮಾರ್ಚ್ 13ರಂದು ಅದು ಸೂರ್ಯನಿಗೆ ಅತಿ ಸಮೀಪಕ್ಕೆ ಬಂದಿತು. ಕ್ಲೇರೋನ ಗಣಿತ ತಪ್ಪಿದ್ದು ಒಂದು ತಿಂಗಳಷ್ಟು ಮಾತ್ರ. ಗಣಿತದ ಈ ವಿಜಯವನ್ನು ಎಲ್ಲ ಇತಿಹಾಸಗಳೂ ಹೊಗಳುತ್ತವೆ, ಹೊಗಳಬೇಕಾದುದೇ ಸರಿ. ಅದರ ಮರುಮಗ್ಗುಲನ್ನು ಮಾತ್ರ ಅವು ಹೇಳುವುದಿಲ್ಲ. ಧೂಮಕೇತುವಿನ ಆಗಮನವನ್ನು ದಿನ ನಮೂದಿಸಿ ಹೇಳಬಲ್ಲವರು ಲೋಕದಲ್ಲಿ ಉಂಟೆಂದು ಜನಕ್ಕೆ ಅಂದೇ ಗೊತ್ತಾದುದು. ದಿನ ಹೇಳಬಲ್ಲವನ ಬಾಯಿಂದ ಬಂದ ಸಂದೇಹದ ಮಾತಿಗೂ ದಿನ ಹುಡುಕುವ ಅಭ್ಯಾಸ ಅಲ್ಲಿಂದ ಮೊದಲಾಯಿತು.

ಆ ಲಲಾಂದನೇ ಹದಿನಾಲ್ಕು ವರ್ಷಗಳ ಮೇಲೆ ಪ್ಯಾರಿಸ್ಸನ್ನು ನಡುಗಿಸಿದನು. ತಿಳಿದಲ್ಲ, ಬಯಸಿದ್ದಂತೂ ಅಲ್ಲ. 1773ರ ಏಪ್ರಿಲ್ 21ರಂದು ವಿಜ್ಞಾನ ಪರಿಷತ್ತಿನ ಸಾರ್ವಜನಿಕ ಸಭೆಯಲ್ಲಿ ಓದುವುದಕ್ಕಾಗಿ ಅವನೊಂದು ಪ್ರಬಂಧವನ್ನು ಸಿದ್ಧಪಡಿಸಿದ್ದನು. ಅದರ ವಿಷಯ ಭೂಮಿಗೆ ಸಮೀಪಿಸಬಲ್ಲ ಧೂಮಕೇತುಗಳು. ಪಥವನ್ನು ಗಣಿಸಲಾಗಿದ್ದ ಸುಮಾರು ಅರುವತ್ತು ಧೂಮಕೇತುಗಳಲ್ಲಿ ಎಂಟರಷ್ಟು ಭೂಮಿಯ ಪಥಕ್ಕೆ ಹತ್ತಿರ ಬರುವಂಥವು. ಗ್ರಹಗಳ ಸೆಳೆತದಿಂದ ಪಥಗಳು ಬದಲಾಗುವುದುಂಟು. ಭೂಮಿಯಷ್ಟೇ ದೊಡ್ಡ ಧೂಮಕೇತು ತೀರ ಹತ್ತಿರ ಬಂದರೆ ಸಮುದ್ರ ಉಕ್ಕಿ ನೆಲವನ್ನು ಮುಳುಗಿಸೀತು. ಇಷ್ಟೇ ಅದರ ತಿರುಳು. ಇಂಥದೊಂದು ಬರುತ್ತಿದೆ ಎಂದಾಗಲಿ, ಇಂಥ ದಿನ ಬರುತ್ತದೆ ಎಂದಾಗಲಿ ಅದರಲ್ಲಿ ಎಲ್ಲಿಯೂ ಇಲ್ಲ. ಅಂದಿನ ಸಭೆಯಲ್ಲಿ ಕಾಲ ಸಾಲದೆ ಆ ಪ್ರಬಂಧವನ್ನು ಓದಲೇ ಇಲ್ಲ.

ನಮ್ಮ ವಿವೇಚನೆಗೆ ಮುಖ್ಯವಾದ ಅಂಶ ಇದು. ಪ್ಯಾರಿಸ್ಸನ್ನು ಹೆದರಿಸಿದುದು ಯಾರೂ ಓದದ, ಯಾರೂ ಕೇಳದ ಒಂದು ಪ್ರಬಂಧ. ಶೀರ್ಷಿಕೆಯ ಸುದ್ದಿ ಹೊರಗೆ ಹೋಯಿತು, ಒಡಲು ಒಳಗೇ ಉಳಿಯಿತು. ಶೀರ್ಷಿಕೆಯಲ್ಲಿದ್ದ ‘ಸಮೀಪಿಸಬಲ್ಲ’ ಎಂಬ ಒಂದು ವಿಶೇಷಣದಿಂದ ಜನರೇ ಉಳಿದ ಪ್ರಬಂಧವನ್ನು ಕಟ್ಟಿಕೊಂಡರು. ಓದದೆ ಬಿಟ್ಟುದಕ್ಕೆ ಕಾಲ ಸಾಲದ್ದು ಕಾರಣವೆಂದು ನಂಬಿದವರು ಕಡಮೆ. ಅಧಿಕಾರಿಗಳು ತಡೆದರೆಂದು ನಂಬಿದವರೇ ಹೆಚ್ಚು. ‘ಬಲ್ಲ’ ಎಂಬುದು ‘ಬರುವುದು’ ಎಂದಾಯಿತು, ‘ಬರುವುದು’ ಎಂಬುದಕ್ಕೆ ಮೇ 12 ಎಂಬ ತಿಥಿಯೂ ಕೂಡಿಕೊಂಡಿತು. ಮೇ 20 ಎಂದವರೂ ಇದ್ದರು. ಮೇ 7ರಂದು ಲಲಾಂದನು ಸರ್ಕಾರದ ಗೆಜೆಟ್ಟಿನಲ್ಲಿ ಒಂದು ಸಮಾಧಾನದ ಸೂಚನೆಯನ್ನು ಪ್ರಕಟಿಸಿದನು. ಆದರೂ ಅವನನ್ನು ಪ್ರಶ್ನಿಸಲು ಬರುವವರಿಂದ ಅವನ ಕೊಠಡಿ ತೆರವಾಗುತ್ತಿರಲಿಲ್ಲವೆಂದು ಅಂದಿನ ಸುದ್ದಿಸಂಗ್ರಹವೊಂದು ಹೇಳುತ್ತದೆ. ಭಕ್ತರು ಆರ್ಚ್‌ಬಿಷಪ್ಪನ ಬಳಿಗೆ ಹೋಗಿ ನಲವತ್ತು ಗಂಟೆಗಳ ಪ್ರಾರ್ಥನೆಯನ್ನು ನಡೆಸಬೇಕೆಂದು ಕೇಳಿಕೊಂಡರು. ಸೂಚನೆ ಏಕೆ ಫಲಿಸಲಿಲ್ಲ? ಪ್ರಬಂಧವನ್ನು ಮುಚ್ಚಿಟ್ಟಿದ್ದಾರೆಂದು ಒಮ್ಮೆ ನಂಬಿದವನಿಗೆ ಸಮಾಧಾನದ ಸೂಚನೆಯೂ ಮುಚ್ಚಿಡುವ ಕೆಲಸದ ಒಂದು ಭಾಗವಾಗಿಯೇ ಕಾಣುತ್ತದೆ. ಲಲಾಂದನು ಬಹುಬೇಗ ಪೂರ್ಣ ಪ್ರಬಂಧವನ್ನೇ ಅಚ್ಚುಹಾಕಿಸಿದನು. ಅದು ಸರಿಯಾದ ಕ್ರಮ. ಆದರೆ ಏಪ್ರಿಲ್ 22ರಂದು ಆಗಬೇಕಾಗಿದ್ದ ಕ್ರಮ.

ಈ ಸಂದರ್ಭದಲ್ಲಿ ವೋಲ್ತೇರ್ ಬರೆದ ಪತ್ರವನ್ನು ಸಾಹಿತ್ಯಚರಿತ್ರೆಗಳು ಮೆಚ್ಚಿ ಸ್ಮರಿಸುತ್ತವೆ. 1773ರ ಮೇ 17 ಎಂಬ ತೇದಿಯ ಈ ಪತ್ರಕ್ಕೆ ಅವನು ಗ್ರೆನೊಬ್ಲ್ ಎಂಬ ಊರಿನ ಹೆಸರನ್ನು ಹಾಕಿದ್ದಾನೆ; ಅವನು ನೆಲೆಸಿದ್ದುದು ಫೆರ್ನೆಯಲ್ಲಿ. ಪತ್ರದ ಧಾಟಿ ಪರಿಹಾಸ್ಯದ್ದು. ಪರಿಷತ್ತು ಮಾಡದೆ ಇದ್ದ ಒಂದು ಭವಿಷ್ಯವಾಣಿಯನ್ನು ನಂಬಿ ಪ್ಯಾರಿಸ್ಸಿನ ಜನ ಲೋಕಾಂತ್ಯಕ್ಕೆ ಕಾದಿದ್ದಾರೆಂದು ನಗುತ್ತಾನೆ. 1680ರ ಧೂಮಕೇತು 1719ರಲ್ಲಿ ಮರಳುವುದೆಂದು ಯಾಕೋಬ್ ಬೆರ್ನೂಲಿಯಂಥ ಪಂಡಿತನೂ ಹೇಳಿ ಏನೂ ಆಗದೆ ಹೋದುದನ್ನು ನೆನಪಿಸುತ್ತಾನೆ. ಗದ್ಯ ಚುರುಕಾದುದು, ಓದುವಾಗ ಸಂತೋಷವಾಗುತ್ತದೆ. ಆದರೂ ಇದನ್ನು ಅವನ ಉತ್ತಮ ಬರಹಗಳ ಸಾಲಿಗೆ ಸೇರಿಸಲು ನಾವು ಸಿದ್ಧರಿಲ್ಲ. ಈ ಪತ್ರವನ್ನು ಓದಿ ನಗಬಲ್ಲವನು ಮೊದಲೇ ಹೆದರದವನು. ನಲವತ್ತು ಗಂಟೆಗಳ ಪ್ರಾರ್ಥನೆ ಬೇಡಿದವನಿಗೆ ಇದು ತಲಪುವುದೇ ಇಲ್ಲ; ತಲಪಿದರೆ ಅವನಿಗೆ ಸಿಕ್ಕುವುದು ಅವಮಾನವೊಂದೇ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಬೆರ್ನೂಲಿಯ ಸೋಲನ್ನು ಎತ್ತಿ ತೋರಿಸುವುದು ಪಂಡಿತರ ಮಾತನ್ನೇ ನಂಬಬೇಡಿರೆಂದು ಹೇಳಿದಂತಾಗುತ್ತದೆ. ಹಾಗಾದರೆ ‘ಭಯಪಡಬೇಡಿ’ ಎಂಬ ಲಲಾಂದನ ಮಾತನ್ನು ಮಾತ್ರ ಏಕೆ ನಂಬಬೇಕು? ವಿಡಂಬನೆಯ ಅಲಗು ಎರಡು ಕಡೆಗೂ ಕೊಯ್ಯುತ್ತದೆಂಬುದನ್ನು ವೋಲ್ತೇರನಂಥ ಕುಶಲಿ ಮರೆತದ್ದು ಆಶ್ಚರ್ಯ.

ವೋಲ್ತೇರನ ಪತ್ರಕ್ಕಿಂತ, ಸಾಹಿತಿಯಲ್ಲದ ಅರಗೋ ಬರೆದ ಪುಟಗಳು ಈ ವಿಷಯದಲ್ಲಿ ಮೇಲ್ಮಟ್ಟದವೆಂದು ನಮ್ಮ ತೀರ್ಮಾನ. 1832ರಲ್ಲಿ ಬೀಲನ ಧೂಮಕೇತು ಮರಳಲಿತ್ತು. ಅದರ ಪಥವು ಭೂಮಿಯ ಪಥಕ್ಕೆ ತೀರ ಹತ್ತಿರದಲ್ಲಿ ಹಾದುಹೋಗುವುದೆಂದು ಓಲ್ಬರ್ಸ್ ಎಂಬ ಖಗೋಳಜ್ಞನು ಗಣಿಸಿದ್ದನು. ಧೂಮಕೇತು ಆ ಸ್ಥಳವನ್ನು ದಾಟುವುದು ಅಕ್ಟೋಬರ್ 29ರಂದು. ಭೂಮಿ ಅದೇ ಸ್ಥಳಕ್ಕೆ ಬರುವುದು ನವೆಂಬರ್ 30ರಂದು. ನಡುವೆ ಒಂದು ತಿಂಗಳು, ಸುಮಾರು 8 ಕೋಟಿ ಕಿಲೋಮೀಟರು. ಆದರೆ ‘ಭೂಮಿಯ ಪಥವನ್ನು ದಾಟುವುದು’ ಎಂಬುದನ್ನು ಜನ ‘ಭೂಮಿಯನ್ನು ದಾಟುವುದು’ ಎಂದು ಓದಿಕೊಂಡರು. ಊರ ಮುಂದಿನ ಹಾದಿಯಲ್ಲಿ ಹೋದ ತಿಂಗಳು ಒಂದು ಬಂಡಿ ಹಾದುಹೋಯಿತೆಂದು ಇಂದು ಆ ಹಾದಿಯಲ್ಲಿ ನಡೆಯಲು ಹೆದರಿದಂತೆ! ಷಷ್ಠೀ ವಿಭಕ್ತಿಯ ಪದವೊಂದನ್ನು ಹಿಡಿದು ಅದು ಸೇರುವ ಪದವನ್ನು ಬಿಟ್ಟುದರಿಂದ ಇಡಿಯ ಯುರೋಪು ತಲ್ಲಣಿಸಿತು.

ಅರಗೋ ನಗಲಿಲ್ಲ. ತನ್ನ ವಾರ್ಷಿಕ ಪಂಚಾಂಗಗ್ರಂಥದಲ್ಲಿ ಈ ತೇದಿಗಳನ್ನು ಕ್ರಮವಾಗಿ ವಿವರಿಸಿದನು. ಅನಂತರ, ಹೆದರಿದವನು ಮುಂದೆ ಕೇಳುವ ಪ್ರಶ್ನೆಯನ್ನು ತಾನೇ ಕೇಳಿಕೊಂಡನು: ಇದು ಹೋಗಲಿ, ಯಾವುದೋ ಅಜ್ಞಾತ ಧೂಮಕೇತು ಬಂದು ಬಡಿದರೆ? ಭೂಮಿಯ ಕಾಲ್ಪಾಲು ವ್ಯಾಸದ ಧೂಮಕೇತುವನ್ನು ಕಲ್ಪಿಸಿಕೊಂಡು ಅದು ತಾಕುವ ಸಂಭವ 28 ಕೋಟಿ 10 ಲಕ್ಷಕ್ಕೆ ಒಂದು ಎಂದು ಲೆಕ್ಕ ಹಾಕಿದನು. ಅಷ್ಟಕ್ಕೆ ನಿಲ್ಲಲಿಲ್ಲ. ಒಂದು ಪಾತ್ರೆಯಲ್ಲಿ ಅಷ್ಟು ಗೋಲಿಗಳಿವೆ, ಅವುಗಳಲ್ಲಿ ಒಂದರ ಬಣ್ಣ ಮಾತ್ರ ಬೇರೆ, ಮೊದಲ ಬಾರಿ ಕೈಹಾಕಿದಾಗಲೇ ಅದು ಬಂದರೆ ನಿನಗೆ ಮರಣದಂಡನೆ. ಧೂಮಕೇತುವಿನಿಂದ ನಿನಗಿರುವ ಅಪಾಯ ಇಷ್ಟು ಎಂದು ಓದುಗನ ಮುಂದಿಟ್ಟನು. ಈ ಚಿತ್ರದ ಗುಣವನ್ನು ನೋಡಬೇಕು. ಅಪಾಯವಿಲ್ಲವೆಂದು ಅವನು ಹೇಳಲಿಲ್ಲ. ಅಪಾಯದ ಅಳತೆಯನ್ನು ಓದುಗನ ಕೈಗೇ ಕೊಟ್ಟನು. ‘ಬಹುದು’ ಎಂಬುದನ್ನು ಅಲ್ಲಗಳೆಯದೆ ಅದಕ್ಕೊಂದು ಗಾತ್ರವನ್ನು ಕಲ್ಪಿಸಿದನು. ಇಂದಿನ ಗಣನೆ ಅವನ ಅಂಕಿಗಳಿಂದ ಬೇರೆಯಾದರೂ ವಿಧಾನಕ್ಕೆ ಕುಂದಿಲ್ಲ. ಇನ್ನು ಬೀಲನ ಧೂಮಕೇತುವಿನ ಗತಿ: 1846ರಲ್ಲಿ ಅದು ಎರಡಾಗಿ ಒಡೆಯಿತು, 1852ರಲ್ಲಿ ಜೋಡಿಯಾಗಿ ಕಾಣಿಸಿಕೊಂಡಿತು, ಆ ಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. 1872ರ ನವೆಂಬರ್ 27ರಂದು ಭೂಮಿ ಅದರ ಪಥವನ್ನು ದಾಟಿದಾಗ ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದುವು. ನಲವತ್ತು ವರ್ಷಗಳ ಹಿಂದೆ ಯುರೋಪು ಯಾವುದಕ್ಕೆ ಹೆದರಿತ್ತೋ ಅದು ಬಂದುದು ಹೀಗೆ, ನೋಡಲು ಚೆಲುವಾದ ಒಂದು ರಾತ್ರಿಯಾಗಿ.

ಕಥನಸಾಹಿತ್ಯ ಇದರ ನಡುವೆ ತನ್ನ ಪಾತ್ರವನ್ನು ವಹಿಸಿತು. ಅಮೆರಿಕದ ಎಡ್ಗರ್ ಅಲನ್ ಪೋ 1839ರಲ್ಲಿ ಪ್ರಕಟಿಸಿದ ಒಂದು ಸಂವಾದಕಥೆಯಲ್ಲಿ ಸತ್ತ ಇಬ್ಬರು ಪರಲೋಕದಲ್ಲಿ ಮಾತನಾಡಿಕೊಳ್ಳುತ್ತಾರೆ. ಧೂಮಕೇತು ಅತಿ ತೆಳುವಾದ ಅನಿಲ, ಅದರಿಂದ ಭಯವಿಲ್ಲವೆಂದು ಪಂಡಿತರು ಜನರನ್ನು ಸಮಾಧಾನಪಡಿಸಿರುತ್ತಾರೆ. ಕಡೆಗೆ ಆ ಅನಿಲವೇ ವಾಯುಮಂಡಲದ ಸಾರಜನಕವನ್ನು ಸೆಳೆದುಕೊಂಡು, ಉಳಿದ ಆಮ್ಲಜನಕದಲ್ಲಿ ಲೋಕವೆಲ್ಲ ಉರಿದುಹೋಗುತ್ತದೆ. ಪಂಡಿತರ ಸಮಾಧಾನವೇ ಸುಳ್ಳಾಗುವುದು ಈ ಕಥೆಯ ಕೀಲು. ಬಡಿತದ ಭಯ ಅನಿಲದ ಭಯವಾಗಿ ರೂಪ ಬದಲಿಸಿದುದನ್ನೂ ಇಲ್ಲಿ ಕಾಣುತ್ತೇವೆ. ಫ್ಲಾಮಾರಿಯೋನ್ 1894ರಲ್ಲಿ ಪ್ರಕಟಿಸಿದ ಲೋಕಾಂತ್ಯದ ಕಾದಂಬರಿಯಲ್ಲಿಯೂ ವಿಷಾನಿಲದ ಧೂಮಕೇತು ಒಂದು ಬರುತ್ತದೆ. ಈತನು ವೃತ್ತಿಯಿಂದ ಖಗೋಳಜ್ಞ, ಪ್ರವೃತ್ತಿಯಿಂದ ಕಥೆಗಾರ. ಎರಡು ಟೋಪಿಗಳನ್ನೂ ಒಂದೇ ತಲೆಯ ಮೇಲೆ ಧರಿಸಿದವನು. ಇದರ ಫಲ 1910ರಲ್ಲಿ ಗೋಚರವಾಯಿತು.

ಆ ವರ್ಷ ಹ್ಯಾಲಿಯ ಧೂಮಕೇತು ಏಪ್ರಿಲ್ 20ರಂದು ಸೂರ್ಯನಿಗೆ ಅತಿ ಸಮೀಪಕ್ಕೆ ಬಂದಿತು. ಮೇ 18-19ರಂದು ಭೂಮಿ ಅದರ ಬಾಲದ ನಡುವೆ ಹಾದುಹೋಗುವ ಸಂಭವವಿತ್ತು. ಧೂಮಕೇತುಗಳಲ್ಲಿ ಸಯನೋಜನ್ ಎಂಬ ವಿಷಾನಿಲವುಂಟೆಂದು 1881ರಲ್ಲಿಯೇ ಹಗಿನ್ಸನು ವರ್ಣಪಟಲದ ಛಾಯಾಚಿತ್ರದಿಂದ ಕಂಡಿದ್ದನು. ಹ್ಯಾಲಿಯ ಧೂಮಕೇತುವಿನಲ್ಲಿಯೂ ಅದು ಗೋಚರಿಸಿದಾಗ, ಆ ಅನಿಲ ವಾಯುಮಂಡಲವನ್ನು ವ್ಯಾಪಿಸಿ ಜೀವಿಗಳನ್ನೆಲ್ಲ ಕೊಲ್ಲುವ ಸಾಧ್ಯತೆಯುಂಟೆಂದು ಫ್ಲಾಮಾರಿಯೋನನ ಅಭಿಪ್ರಾಯವೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಫೆಬ್ರವರಿಯಲ್ಲಿ ವರದಿ ಮಾಡಿತು. ಬಾಲದ ಅನಿಲ ಎಷ್ಟು ವಿರಳವೆಂಬುದು ಖಗೋಳಜ್ಞರಿಗೆ ತಿಳಿದೇ ಇತ್ತು. ಪ್ರಯೋಗಶಾಲೆಯಲ್ಲಿ ಅಂದು ಸಾಧಿಸಬಹುದಾಗಿದ್ದ ಶೂನ್ಯಕ್ಕಿಂತಲೂ ಅದು ಶೂನ್ಯ. ಆದರೆ ‘ವಿಷ’ ಎಂಬ ನಾಮಪದದ ಮುಂದೆ ‘ವಿರಳ’ ಎಂಬ ವಿಶೇಷಣ ನಿಲ್ಲುವುದೆಲ್ಲಿ! ಧೂಮಕೇತುವಿನ ಗುಳಿಗೆಗಳು ಮಾರಾಟವಾದುವು. ಜನ ಕಿಟಕಿ ಬಾಗಿಲುಗಳ ಸಂದುಗಳನ್ನು ಮುಚ್ಚಿದರು. ಮೇ 6ರಂದು ಏಳನೆಯ ಎಡ್ವರ್ಡ್ ದೊರೆ ತೀರಿಕೊಂಡುದರಿಂದ ಹಳೆಯ ಶಕುನದ ಭಯವೂ ಬಂದು ಹೊಸ ಭಯದ ಪಕ್ಕದಲ್ಲಿ ಕುಳಿತಿತು. ಬೇಲನು ಕೆಡವಿದ್ದುದು ಹೀಗೆ ಇನ್ನೂರಿಪ್ಪತ್ತೆಂಟು ವರ್ಷಗಳ ಮೇಲೆ ಮತ್ತೆ ಎದ್ದಿತು. ಮೇ 19 ಬಂದುಹೋಯಿತು, ಏನೂ ಆಗಲಿಲ್ಲ. ಹ್ಯಾಲಿಯ ಧೂಮಕೇತುವನ್ನು ಕಂಡೆವೆಂದು ಹೇಳುತ್ತಿದ್ದ ಹಿರಿಯರಲ್ಲಿ ಹಲವರು ಕಂಡುದು ಅದೇ ವರ್ಷದ ಜನವರಿಯಲ್ಲಿ ಹಗಲಿನಲ್ಲಿಯೂ ಹೊಳೆದ ಬೇರೊಂದು ಧೂಮಕೇತುವನ್ನು. ಅದು ಪ್ರತ್ಯೇಕ ಲೇಖನದ ವಿಷಯ.

ಇದೆಲ್ಲ ಕಳೆದ ಕಾಲದ ವಿನೋದವೆಂದು ತಿಳಿಯುವವರು 1997ನ್ನು ನೆನೆಯಬೇಕು. ಹೇಲ್-ಬಾಪ್ ಧೂಮಕೇತುವಿನ ಪಕ್ಕದಲ್ಲಿ ವಿಚಿತ್ರ ವಸ್ತುವೊಂದು ಕಂಡಿತೆಂದು ಹಿಂದಿನ ನವೆಂಬರಿನಲ್ಲಿ ಅಮೆರಿಕದ ಹವ್ಯಾಸಿಯೊಬ್ಬರು ಒಂದು ಛಾಯಾಚಿತ್ರವನ್ನು ಮುಂದಿಟ್ಟರು. ಅದೊಂದು ಸಾಮಾನ್ಯ ನಕ್ಷತ್ರವೆಂದು ಖಗೋಳಜ್ಞರು ಬೇಗನೆ ತೋರಿಸಿದರು. ಆದರೆ ರೇಡಿಯೋದಲ್ಲಿ ಆ ಸುದ್ದಿ ಹರಡಿಯಾಗಿತ್ತು. ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಪಂಥದ 39 ಮಂದಿ, ಧೂಮಕೇತುವಿನ ಹಿಂದೆ ತಮ್ಮನ್ನು ಕರೆದೊಯ್ಯುವ ನೌಕೆಯಿದೆಯೆಂದು ನಂಬಿ ಪ್ರಾಣ ಬಿಟ್ಟರು. ಇಲ್ಲಿ ಭಯವೇ ಇರಲಿಲ್ಲ, ಆಸೆಯಿತ್ತು. ಊಹೆ ನಿಶ್ಚಯವಾದ ಬಗೆ ಮಾತ್ರ 1773ರದೇ. 2025ರ ಜುಲೈ 1ರಂದು ಕಂಡುಹಿಡಿದ, ಬೇರೆ ನಕ್ಷತ್ರದ ಕಡೆಯಿಂದ ಬಂದ 3ಐ/ಅಟ್ಲಾಸ್ ಧೂಮಕೇತುವನ್ನು ಕುರಿತು ಅದು ಯಾರೋ ಕಳುಹಿಸಿದ ಯಂತ್ರವೆಂಬ ಊಹೆ ಲೋಕವೆಲ್ಲ ಹಬ್ಬಿತು. ಡಿಸೆಂಬರ್ 19ರಂದು ಭೂಮಿಗೆ ಅತಿ ಹತ್ತಿರವಾದಾಗಲೂ ಅದು ಸುಮಾರು 27 ಕೋಟಿ ಕಿಲೋಮೀಟರು ದೂರದಲ್ಲಿತ್ತು.

ಈಗ ಕನ್ನಡದ ಮಾತಿಗೆ ಬರೋಣ. ವಿಜ್ಞಾನವನ್ನು ಕನ್ನಡದಲ್ಲಿ ಬೋಧಿಸುವವರಿಗೂ ಬರೆಯುವವರಿಗೂ ಇಲ್ಲಿ ಒಂದು ತೊಡಕಿದೆ. ‘ಬಹುದು’ ಎಂಬ ರೂಪಕ್ಕೆ ನಮ್ಮಲ್ಲಿ ಮೂರು ಕೆಲಸ. ‘ನೀವು ಒಳಗೆ ಬರಬಹುದು’ ಎಂದರೆ ಅನುಮತಿ. ‘ಈ ಹೊಳೆಯನ್ನು ದಾಟಬಹುದು’ ಎಂದರೆ ಶಕ್ಯತೆ. ‘ಸಂಜೆ ಮಳೆ ಬರಬಹುದು’ ಎಂದರೆ ಕೊಡೆ ತೆಗೆದುಕೊಂಡು ಹೋಗುವಷ್ಟು ಮಟ್ಟಿನ ನಿರೀಕ್ಷೆ. ‘ಧೂಮಕೇತು ಭೂಮಿಗೆ ಬಡಿಯಬಹುದು’ ಎಂದು ಗಣಿತಜ್ಞನು ಬರೆದಾಗ ಅವನ ಮನಸ್ಸಿನಲ್ಲಿರುವುದು ಎರಡನೆಯ ಅರ್ಥ. ಓದುಗನು ತೆಗೆದುಕೊಳ್ಳುವುದು ಮೂರನೆಯದನ್ನು. ‘ಸಾಧ್ಯತೆ’ ಎಂಬ ಪದದ ಪಾಡೂ ಅದೇ. ಪತ್ರಿಕೆಗಳ ‘ಮಳೆ ಸಾಧ್ಯತೆ’ಯನ್ನು ನಿತ್ಯ ಓದುವ ಕಣ್ಣಿಗೆ ಅದು ಸಂಭವಕ್ಕಿಂತ ಹೆಚ್ಚಿನದು. ಗಣಿತದ ಪಾಠ್ಯಪುಸ್ತಕಗಳಲ್ಲಿ ‘ಸಂಭವನೀಯತೆ’ ಎಂಬ ಪದವಿದೆ, ಆದರೆ ಅದು ತರಗತಿಯ ಬಾಗಿಲನ್ನು ದಾಟಿ ಬಂದಿಲ್ಲ.

2024ರ ಡಿಸೆಂಬರಿನಲ್ಲಿ ಕಂಡುಹಿಡಿದ 2024 ವೈಆರ್4 ಎಂಬ ಕ್ಷುದ್ರಗ್ರಹದ ವಿಷಯದಲ್ಲಿ ಈ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಅದು ಧೂಮಕೇತುವಲ್ಲ, ಭೀತಿ ಮಾತ್ರ ಅದೇ ಕುಲದ್ದು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಂಭವವನ್ನು 2025ರ ಫೆಬ್ರವರಿಯಲ್ಲಿ ನೂರಕ್ಕೆ 3ರಷ್ಟೆಂದು ಗಣಿಸಿದರು. ಕೆಲವೇ ದಿನಗಳಲ್ಲಿ ಅದು ಇಲ್ಲವೆನ್ನುವಷ್ಟಕ್ಕೆ ಇಳಿಯಿತು. ಪಥದ ಅನಿಶ್ಚಯ ಕಡಮೆಯಾಗುತ್ತ ಬಂದಂತೆ, ಭೂಮಿ ಆ ಕಿರಿದಾಗುವ ಪಟ್ಟಿಯ ಒಳಗೆ ಇರುವ ತನಕ ಅಂಕಿ ಏರುವುದೂ, ಪಟ್ಟಿಯಿಂದ ಹೊರಬಿದ್ದೊಡನೆ ಕುಸಿಯುವುದೂ ಗಣಿತದಲ್ಲಿ ಸಹಜ. ಓದುಗನಿಗೆ ಮೊದಲ ಏರಿಕೆ ಬೆದರಿಕೆಯಾಗಿಯೂ ಅನಂತರದ ಇಳಿಕೆ ಮುಚ್ಚುಮರೆಯಾಗಿಯೂ ಕಂಡಿತು. ಲಲಾಂದನ ಗೆಜೆಟ್ ಸೂಚನೆಯ ಕಥೆಯೇ ಮತ್ತೊಮ್ಮೆ ನಡೆದಂತಾಯಿತು.

ನಮ್ಮ ವ್ಯಾಕರಣದಲ್ಲಿ ‘ಬಹುದು’ ಅಲ್ಲದೆ ಸಂಭಾವನಾರ್ಥಕ ಕ್ರಿಯಾರೂಪವೊಂದು ಬೇರೆಯಾಗಿಯೇ ಇದೆ: ಬಂದಾನು, ಹೋದೀತು, ಬಿದ್ದೀತು. ಶಾಸ್ತ್ರದ ಬರವಣಿಗೆ ಈ ರೂಪವನ್ನು ಬಳಸಿಕೊಳ್ಳಬೇಕೆಂದು ಸೂಚಿಸುವವರುಂಟು. ‘ಬಡಿದೀತು’ ಎಂದರೆ ಬರಿಯ ಊಹೆ ತಾನೆ ಎಂದು ಅವರ ವಾದ. ನಮಗೆ ಇದು ಒಪ್ಪಿಗೆಯಿಲ್ಲ. ಆಡುವ ಕನ್ನಡದಲ್ಲಿ ಈ ರೂಪ ಹೆಚ್ಚಾಗಿ ಕಿವಿಗೆ ಬೀಳುವುದು ಎಲ್ಲಿ? ‘ಜೋಕೆ, ಬಿದ್ದೀಯೆ’ ಎಂದು ತಾಯಿ ಮಗುವಿಗೆ ಹೇಳುವಲ್ಲಿ. ‘ಬಾವಿ ಕಟ್ಟೆ ಹತ್ತಬೇಡ, ಕಾಲು ಜಾರೀತು’ ಎಂದು ಅಜ್ಜಿ ಕೂಗುವಲ್ಲಿ. ಸಂಭಾವನೆಯೂ ಎಚ್ಚರಿಕೆಯೂ ಈ ರೂಪದಲ್ಲಿ ಬೇರೆಯಾಗದಂತೆ ಹೆಣೆದುಕೊಂಡಿವೆ. ಅರಗೋನ ಪುಟವನ್ನು ಕನ್ನಡಿಸುವವನು ಆದುದರಿಂದ ಕ್ರಿಯಾಪದದ ಆಯ್ಕೆಯಲ್ಲಿ ಬಹಳ ಹೊತ್ತು ಕಳೆಯದೆ, ಪಾತ್ರೆಯನ್ನೂ ಗೋಲಿಗಳನ್ನೂ ಅವುಗಳ ಎಣಿಕೆಯನ್ನೂ ಹಾಗೆಯೇ ಉಳಿಸಿಕೊಳ್ಳುವುದು ಲೇಸು.